ಅಪ್ಪನ ಮಾರ್ಫಿನ್ ಮಾತ್ರೆ

ಕ್ಯಾನ್ಸರ್ ನೋವಿಗೆ ಅಪ್ಪ ತೆಗೆದುಕೊಳ್ಳುತ್ತಿದ್ದ, ಅಫೀಮಿನಿಂದ ತೆಗೆಯುವ ನೋವುನಿವಾರಕ ಮಾರ್ಫಿನ್ನಿನ ಪ್ರಮಾಣವನ್ನು ವೈದ್ಯರು ಎರಡನೆಯ ಬಾರಿ ಏರಿಸಿದ ದಿನ, ಕುಕನೂರಿನಿಂದ ಕೊಪ್ಪಳದ ನಮ್ಮ ಮನೆಗೆ ಬಂದಿದ್ದ ಕಾಕಾ, "ಅಣ್ಣಗ ಅಫೀಮಿನ ಚಟ ಹತ್ತೇತಿ" ಎಂದುಬಿಟ್ಟರು. ಜೀವಶಾಸ್ತ್ರ ಕಲಿಸುವ ನನಗೇ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಆಗ ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ.

ಮಾರ್ಫಿನ್ ಬಂದು ಕೂರುವ ಮ್ಯೂ ಗ್ರಾಹಕವು, ಅಂದರೆ ನರಕೋಶದ ಹೊರಮೈಯಲ್ಲಿ ಸಂದೇಶ ಹಿಡಿಯುವ ಪ್ರೋಟೀನು, ಅಸಲಿಗೆ ನಮ್ಮ ದೇಹವೇ ತಯಾರಿಸುವ ನೋವುನಿವಾರಕಗಳಾದ ಎಂಡಾರ್ಫಿನ್, ಎನ್‌ಕೆಫಾಲಿನ್‌ಗಳಿಗಾಗಿ ಇರುವಂಥದ್ದು. ಅದು ಎಚ್ಚೆತ್ತೊಡನೆ ನರಕೋಶದ ಒಳಗೆ ಅದರ ಸಂದೇಶ ಮುಂದೊಯ್ಯುವ ಜಿ-ಪ್ರೋಟೀನ್ ಚುರುಕಾಗಿ, ಕ್ಯಾಲ್ಸಿಯಂ ಒಳಬರುವ ದಾರಿಗಳು ಮುಚ್ಚಿಕೊಳ್ಳುತ್ತವೆ, ಪೊಟ್ಯಾಸಿಯಂ ಹೊರಹೋಗುವ ದಾರಿಗಳು ತೆರೆದುಕೊಳ್ಳುತ್ತವೆ, ಅಡಿನೈಲೇಟ್ ಸೈಕ್ಲೇಸ್ ಎಂಬ ಕಿಣ್ವದ ಕೆಲಸ ತಗ್ಗಿ, ಅದು ತಯಾರಿಸುವ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಕಡಿಮೆಯಾಗುತ್ತದೆ. ನೋವಿನ ಸಂದೇಶ ಮುಂದಿನ ಕೋಶಕ್ಕೆ ದಾಟುವುದು ಕಷ್ಟವಾಗುತ್ತದೆ.

ಕೋಶ ಇದಕ್ಕೆ ಸುಮ್ಮನಿರುವುದಿಲ್ಲ, ಮಾರ್ಫಿನ್ನಿಗೆ ಹೊಂದಿಕೊಳ್ಳುತ್ತ ಅದರ ಪರಿಣಾಮವನ್ನು ತಗ್ಗಿಸುತ್ತದೆ. ಕೈನೇಸ್ ಕಿಣ್ವಗಳು ಗ್ರಾಹಕದ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತವೆ, ಅರೆಸ್ಟಿನ್ ಎಂಬ ಪ್ರೋಟೀನ್ ಬಂದು ಜಿ-ಪ್ರೋಟೀನಿಗೆ ಅಡ್ಡ ನಿಲ್ಲುತ್ತದೆ, ಕೆಲವೊಮ್ಮೆ ಕೋಶವು ಗ್ರಾಹಕವನ್ನೇ ಒಳಕ್ಕೆಳೆದುಕೊಳ್ಳುತ್ತದೆ. ವಿಚಿತ್ರವೆಂದರೆ, ಎನ್‌ಕೆಫಾಲಿನ್ ಕೂತ ಗ್ರಾಹಕ ಬೇಗ ಒಳಸೇರಿದಷ್ಟು ಮಾರ್ಫಿನ್ ಕೂತದ್ದು ಸೇರುವುದಿಲ್ಲ.

ಈ ಹೊಂದಿಕೊಳ್ಳುವಿಕೆಯನ್ನು ನನಗೆ ಇದಕ್ಕಿಂತ ಹೆಚ್ಚು ಮನವರಿಕೆ ಮಾಡಿಕೊಟ್ಟದ್ದು ಅಮೆರಿಕದ ಜೀವರಸಾಯನ ವಿಜ್ಞಾನಿ ಮಾರ್ಷಲ್ ನೀರೆನ್‌ಬರ್ಗ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗ. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳಿಗೆ ಮಾರ್ಫಿನ್ ಹಾಕಿದಾಗ ಮೊದಲು ಇಳಿದ ಸೈಕ್ಲಿಕ್ ಎಎಂಪಿ, ಮಾರ್ಫಿನ್ ಇರುವಾಗಲೇ ಕೆಲ ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳಿತು. ಮಾರ್ಫಿನ್ ತೆಗೆದೊಡನೆ ಆ ಮಟ್ಟವನ್ನೂ ಮೀರಿ ಏರಿತು. ಕರೆಂಟು ಹೋದಾಗ ಆಟೋ ಸ್ಟಾರ್ಟರ್ ಹಾಕಿಟ್ಟ ನಮ್ಮೂರ ಪಂಪ್‌ಸೆಟ್ಟುಗಳು, ಕರೆಂಟು ಬಂದೊಡನೆ ಒಮ್ಮೆಲೇ ಎದ್ದುಬಿಡುವಂತೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಬರುವ ಬೆವರು, ಭೇದಿ, ತಳಮಳಗಳ ಹಿಂದೆ ಇಂಥದೇ ಪುಟಿದೇಳುವಿಕೆ ಇದೆ.

ಆ ಪಾತ್ರೆಯ ಕೋಶಗಳಿಗೆ ಆಸೆಯೂ ಇರಲಿಲ್ಲ, ಚಟವೂ ಇರಲಿಲ್ಲ. ಹೊಂದಿಕೊಳ್ಳುವುದು ಬೇರೆ, ಕೇಡೆಂದು ತಿಳಿದೂ ಬಿಡಲಾರದೆ ಹುಡುಕಿಕೊಂಡು ಹೋಗುವ ಚಟ ಬೇರೆ. ಅಪ್ಪನ ವಿಷಯದಲ್ಲಂತೂ ಪ್ರಮಾಣ ಏರಿದ್ದು ಮುಖ್ಯವಾಗಿ ಗಡ್ಡೆ ಬೆನ್ನುಮೂಳೆಗೆ ಹಬ್ಬಿದ್ದರಿಂದ.

ವಿಕಿರಣ ಚಿಕಿತ್ಸೆಯ ನಂತರ ನೋವು ತಗ್ಗಿತು, ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ಇಳಿಸಿದರು. ಅಪ್ಪ ಒಮ್ಮೆಯೂ ಅದನ್ನು ಹೆಚ್ಚಿಗೆ ಕೇಳಲಿಲ್ಲ. ಕರುಳಿನಲ್ಲಿಯೂ ಮ್ಯೂ ಗ್ರಾಹಕಗಳಿವೆ, ಆದರೆ ಕರುಳು ಮಾರ್ಫಿನ್ನಿಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಹಾಗಾಗಿ ಅವರು ದಿನವೂ ತಪ್ಪದೆ ಕೇಳುತ್ತಿದ್ದುದು ಮಲಬದ್ಧತೆಯ ಔಷಧಿಯನ್ನು ಮಾತ್ರ.