ಅರ್ಧ ಉದ್ಧರಣೆ ತೀರ್ಥ

ವಾರಕ್ಕೆ 3 ದಿನ, ಒಂದೊಂದು ಸಲಕ್ಕೆ 4 ಗಂಟೆ ಡಯಾಲಿಸಿಸ್. ಕಿಡ್ನಿಗಾಗಿ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ 2 ವರ್ಷ ಆಯ್ತು. ಫೋನ್ ರಿಂಗಾದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಎತ್ತಿದರೆ, ಲೋನ್ ಬೇಕಾ ಸರ್ ಅಂತ!

ಗುಡಿ ಕಡೆ ತಲೆಯನ್ನೂ ಹಾಕದವನು ನಾನು. ಈಗ ಶನಿವಾರ ತಪ್ಪದೆ ಹನುಮಪ್ಪನ ಹತ್ತಿರ ಹೋಗುತ್ತೇನೆ. ಅರ್ಚಕರಿಗೆ ನನ್ನ ಪಥ್ಯ ಬಾಯಿಪಾಠ. ತೀರ್ಥ ಅರ್ಧ ಉದ್ಧರಣೆ. ಬಾಳೆಹಣ್ಣು ಇಲ್ಲ, ಪೊಟ್ಯಾಸಿಯಂ ಜಾಸ್ತಿ ಅಲ್ವಾ. ಬರೀ ತುಳಸಿ. ಪಕ್ಕದ ಬೆಡ್ಡಿನ ಚಾಚಾ ನಮಾಜ್ ಮುಗಿಸಿ ನನಗೂ ದುವಾ ಕೇಳುತ್ತಾರಂತೆ, ಅವರ ಹೆಸರೂ ಅದೇ ಪಟ್ಟಿಯಲ್ಲಿದೆ.

ಆದರೆ ಕಿಡ್ನಿ ಬೇಗ ಸಿಗಲಿ ಅಂತ ಬೇಡಲು ಬಾಯಿ ಬರುವುದಿಲ್ಲ. ಯಾರದೋ ಮನೆಯ ಸಾವು ಬೇಡಿದ ಹಾಗಲ್ವಾ? ಸುಮ್ನೆ ಕೈ ಮುಗಿದು ಬರುತ್ತೇನೆ.

ನಾಳೆ ಬೆಳಗ್ಗೆ 6ಕ್ಕೆ ನಮ್ಮ ಶಿಫ್ಟು.