ಹಿಂದಿನ ಸಾಲಿನವಳ ಲೆಕ್ಕ: ವ್ಯಾಯಾಮ ಕ್ಲಾಸಿನ 12 ವಾರ

ವಾರ 1
ವಯಸ್ಸು 47. ವಾರಕ್ಕೆ ಮೂರು ಗ್ರೂಪ್ ಕ್ಲಾಸ್, ಒಂದೊಂದು 45 ನಿಮಿಷ. ಶುರು ಮಾಡುವ ಮುಂಚೆ ಮೂರು ಅಳತೆ ಬರೆದಿಟ್ಟುಕೊಂಡೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂತದ್ದು 30 ಸೆಕೆಂಡಿಗೆ 13 ಸಲ. ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈ ನೇರವಾಗಿ ಹಿಡಿದಿಡುವುದು, 18 ಸೆಕೆಂಡ್. ಬೆಳಗ್ಗೆ ಎದ್ದ ಕೂಡಲೇ ನಾಡಿ ನಿಮಿಷಕ್ಕೆ 78. ತೂಕ ಬೇಕಂತಲೇ ಬರೆದಿಲ್ಲ. ತೂಕ ನೋಡಿ ನೋಡಿಯೇ ಹಿಂದೆ ಎರಡು ಸಲ ವ್ಯಾಯಾಮ ಬಿಟ್ಟವಳು ನಾನು.

ಕೊನೇ ಸಾಲಿನ ಮೂಲೆ ಹಿಡಿದೆ. ಎಲ್ಲರೂ ಎಡಕ್ಕೆ ಹೋದಾಗ ನಾನು ಬಲಕ್ಕೆ ಹೋದೆ. ಯಾರೂ ನೋಡಲಿಲ್ಲ. ಅವರವರ ಉಸಿರು ಅವರವರಿಗೆ!

ಎರಡನೇ ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಹತ್ತುವುದು ಪರವಾಗಿಲ್ಲ, ಇಳಿಯುವುದೇ ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗಬೇಕು, ಅದಕ್ಕೆ. ಜೋರು ವ್ಯಾಯಾಮದಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಸ್ನಾಯುವಿನಲ್ಲಿ ನಿಂತುಕೊಂಡು ಈ ನೋವು ಬರುತ್ತದೆ ಅಂತ ಹೇಳುವವರಿದ್ದಾರೆ. ಅದು ಕ್ಲಾಸ್ ಮುಗಿದ ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ.

ವಾರ 2, 3
ಹೋದೆ, ಬಂದೆ.

ವಾರ 4
ಇಲ್ಲಿ ಎಡವಿದೆ. ಮೈ ಹಗುರ ಅನ್ನಿಸಿ ಎರಡನೇ ಸಾಲಿಗೆ ಬಡ್ತಿ ಕೊಟ್ಟುಕೊಂಡಿದ್ದೆ. ಮುಂದಿದ್ದವರು ಸ್ಕ್ವಾಟ್ ಮಾಡಿ, ಅಂದರೆ ಮಂಡಿ ಮಡಚಿ ಕೂರುವಂತೆ ಬಗ್ಗಿ, ಜಿಗಿಯುತ್ತಿದ್ದರು, ನಾನೂ ಜಿಗಿದೆ. ಹಾಡು ಜೋರಾಗಿತ್ತು, ಎಣಿಕೆ ಜೋರಾಗಿತ್ತು, ನಿಲ್ಲಿಸಲು ನಾಚಿಕೆ. ರಾತ್ರಿ ಮಂಡಿಚಿಪ್ಪಿನ ಕೆಳಗೆ ನೋವು.

ಆಮೇಲೆ ತಿಳಿದದ್ದು: ಮೊದಲ ವಾರಗಳಲ್ಲಿ ಶಕ್ತಿ ಬಂತು ಅನ್ನಿಸುತ್ತದಲ್ಲ, ಅದರಲ್ಲಿ ಹೆಚ್ಚಿನ ಪಾಲು ನರಗಳು ಕೆಲಸ ಕಲಿತದ್ದು. ಸ್ನಾಯು ಬೆಳೆಯುವುದು ನಂತರ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಅದಕ್ಕಿಂತಲೂ ನಿಧಾನ. ಅಂದರೆ ಧೈರ್ಯ ಬಂದಾಗ ಮಂಡಿ ಇನ್ನೂ ತಯಾರಾಗಿರುವುದಿಲ್ಲ. ಗುಂಪಿನಲ್ಲಿ ಈ ಅಂತರ ಕಾಣಿಸುವುದೇ ಇಲ್ಲ, ಅಲ್ವಾ? ಎಲ್ಲರಿಗೂ ಒಂದೇ ತಾಳ.

ಟ್ರೈನರ್ ಹೇಳಿದ್ದಿಷ್ಟೇ: "ಜಿಗಿಯಬೇಡಿ. ಹಿಮ್ಮಡಿ ಎತ್ತಿ ಇಳಿಸಿ, ಸಾಕು." ಮತ್ತೆ ಹಿಂದಿನ ಸಾಲಿಗೆ.

ವಾರ 7
ಇವತ್ತು ತಬಾಟಾ. 20 ಸೆಕೆಂಡ್ ಜೋರು, 10 ಸೆಕೆಂಡ್ ಬಿಡುವು, ಎಂಟು ಸುತ್ತು. ಬರೀ ನಾಲ್ಕು ನಿಮಿಷ, ಆದರೆ ಯುಗ ಕಳೆದಂತೆ. ಈ ಹೆಸರಿಗೆ ಕಾರಣರಾದ ಜಪಾನಿನ ಸಂಶೋಧಕ ಇಜುಮಿ ತಬಾಟಾ ಅವರ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ಗಟ್ಟಿಮುಟ್ಟಾದ ಯುವಕರ ಮೇಲೆ, ಅದೂ ನಿಂತಲ್ಲೇ ತುಳಿಯುವ ಸೈಕಲ್‌ನಲ್ಲಿ. ಅದನ್ನು ಓದಿದ ಮೇಲೆ ನನಗೆ ಸಮಾಧಾನವಾಯಿತು. ಐದು ಸುತ್ತಿಗೆ ನಿಲ್ಲಿಸಿ ನೀರು ಕುಡಿದೆ.

220ರಲ್ಲಿ ವಯಸ್ಸು ಕಳೆದರೆ ನನ್ನ ಗರಿಷ್ಠ ಹೃದಯ ಬಡಿತ 173. ಅದು ಸುಮ್ನೆ ಅಂದಾಜು, ಹತ್ತು ಹನ್ನೆರಡು ಅತ್ತಿತ್ತ ಆಗುತ್ತದೆ. ವಾಚು ನೋಡುವ ಬದಲು ಮಾತಾಡಿ ನೋಡುತ್ತೇನೆ. ಮಾತು ಬರಬೇಕು, ಹಾಡಲು ಬರಬಾರದು. ಹಾಗಿದ್ದರೆ ಮಧ್ಯಮ ವೇಗ. (ನನಗೆ ಹಾಡಲು ಮೊದಲೂ ಬರುತ್ತಿರಲಿಲ್ಲ.)

ವಾರ 9
ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ನನ್ನ ಮೂರು ಕ್ಲಾಸ್ ಸೇರಿದರೆ 135. ವಾರ್ಮ್-ಅಪ್ ಕಳೆದರೆ ಇನ್ನೂ ಕಮ್ಮಿ. ಭಾನುವಾರ ಅರ್ಧ ಗಂಟೆ ಬಿರುಸಾಗಿ ನಡೆಯಲು ಶುರು ಮಾಡಿದೆ. ಡಂಬೆಲ್ ಕ್ಲಾಸ್ ಹೇಗೂ ಎರಡು ದಿನ ಇದೆ.

ವಾರ 12
ಕುರ್ಚಿ 18 ಸಲ. ಪ್ಲ್ಯಾಂಕ್ 50 ಸೆಕೆಂಡ್. ನಾಡಿ 72. ಎಡ-ಬಲ ಇನ್ನೂ ಹಾಗೇ.

ಮೊನ್ನೆ ಐದೇ ಐದು ಸಣ್ಣ ಜಿಗಿತ ಹಾಕಿ ನೋಡಿದೆ. ಮರುದಿನ ಮೆಟ್ಟಿಲು ಇಳಿಯುವಾಗ ಮಂಡಿ ಸುಮ್ಮನಿತ್ತು. ಮುಂದಿನ ವಾರ ಎಂಟು.