ರಿಮ್ಮಿನ ತುಟಿ ಮರೆತ ಭಾನುವಾರ

ಹಬ್‌ಗೆ, ಅಂದರೆ ಚಕ್ರವನ್ನು ಬಿಗಿಯುವ ತಿರುಗುವ ನಡುಭಾಗಕ್ಕೆ, ಚಕ್ರ ಕೂರುವ ದಿನ ನನಗೂ ತಮ್ಮನಿಗೂ ಹಬ್ಬವೇ ಆಗಿತ್ತು. ಎರಡು ವರ್ಷದಿಂದ ಕಬ್ಬಿಣದ ಚೌಕ ಪೈಪುಗಳ ಗೂಡಾಗಿ ಸ್ಟ್ಯಾಂಡ್ ಮೇಲೆ ಕೂತಿದ್ದದ್ದು ಅವತ್ತು ಕಾರಿನ ಹಾಗೆ ಕಾಣಬೇಕಿತ್ತು. ಮೊದಲು ಹಿಂದಿನ ಎಡ ಚಕ್ರ ಏರಿಸಿ, ನಾಲ್ಕು ನಟ್ಟು ಬಿಗಿದು, ಕೈಯಲ್ಲಿ ತಿರುಗಿಸಿದೆವು. ಸದ್ದಿಲ್ಲದೆ ತಿರುಗಿತು. ತಮ್ಮ ಆಗಲೇ ಫೋಟೋ ತೆಗೆಯುತ್ತಿದ್ದ. ನಾನು ಟಾರ್ಚ್ ಹಿಡಿದು ಒಳಗೆ ಇಣುಕಿದೆ. ಟೈರಿಗೂ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗಿಗೂ ನಡುವೆ 19 ಮಿಲಿಮೀಟರ್ ಜಾಗ ಇರಬೇಕೆಂದು ಲೆಕ್ಕ ಹಾಕಿದ್ದೆ. ಅಲ್ಲಿ ನನ್ನ ಕಿರುಬೆರಳೂ ತೂರಲಿಲ್ಲ.

ನಮ್ಮದು ಲೋಟಸ್ ಸೆವೆನ್ ಮಾದರಿಯ ಗಾಡಿ. ಕಾಲಿನ್ ಚಾಪ್ಮನ್ 1957ರಲ್ಲಿ ತಂದ ಆ ಪುಟ್ಟ ಕಾರನ್ನು ಬ್ರಿಟನ್ನಿನಲ್ಲಿ ಜನ ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು, ತೆರಿಗೆ ಉಳಿಯುತ್ತಿತ್ತಂತೆ. ಅದನ್ನು ನೋಡಿ ಜಗತ್ತಿನಲ್ಲಿ ಎಷ್ಟೋ ಜನ ತಮ್ಮದೇ ಸೆವೆನ್‌ಗಳನ್ನು ಬೆಸೆದುಕೊಂಡಿದ್ದಾರೆ, ನಾವೂ ಹಾಗೆಯೇ. ಹಬ್ಬು, ಬ್ರೇಕು, ಡಿಫರೆನ್ಷಿಯಲ್ಲು ಒಂದು ಹಳೆಯ ಮಾಜ್ದಾ ಎಂಎಕ್ಸ್-5ರದ್ದು. ಚಾಸಿ, ಚಕ್ರವನ್ನು ಅದಕ್ಕೆ ಹಿಡಿದಿಡುವ ಕವಲು ತೋಳುಗಳಾದ ವಿಶ್‌ಬೋನುಗಳು ನಮ್ಮ ಕೈಯವು. ತೊಂದರೆ ಹುಟ್ಟುವುದೇ ಇಲ್ಲಿ. ಕಾರ್ಖಾನೆಯ ಕಾರಿಗಾದರೆ ಚಕ್ರ ಎಷ್ಟು ಒಳಗೆ ಕೂರಬೇಕು ಎಂಬ ಅಂಕಿ, ಅಂದರೆ ಆಫ್‌ಸೆಟ್, ಎಲ್ಲೋ ಅಚ್ಚಾಗಿರುತ್ತದೆ. ವಿಶ್‌ಬೋನ್ ನಾವೇ ಬೆಸೆದ ಮೇಲೆ ಆ ಅಂಕಿಯನ್ನೂ ನಾವೇ ಕಂಡುಕೊಳ್ಳಬೇಕು.

ರಿಮ್ ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಬೋಲ್ಟು ತೂತುಗಳನ್ನು. ಎಂಎಕ್ಸ್-5ಕ್ಕೆ 100 ಮಿ.ಮೀ. ವೃತ್ತದಲ್ಲಿ ನಾಲ್ಕು ತೂತು, ನಡುವಿನ ಕಂಡಿ 54.1 ಮಿ.ಮೀ. ಅವು ಹೊಂದಿದರೆ ಚಕ್ರ ಕೂರುತ್ತದೆ. ಎಲ್ಲಿ ಕೂರುತ್ತದೆ ಎನ್ನುವುದನ್ನು ಹೇಳುವುದು ಆಫ್‌ಸೆಟ್. ರಿಮ್ಮಿನ ಅಗಲದ ನಟ್ಟನಡುವಿನ ಗೆರೆಗೂ ಹಬ್‌ಗೆ ಅಂಟಿ ಕೂರುವ ಮುಖಕ್ಕೂ ಇರುವ ದೂರ ಅದು. ಕಡ್ಡಿಗಳ ಹಿಂಬದಿಯಲ್ಲಿ ಇಟಿ ಎಂದು ಕೆತ್ತಿರುತ್ತಾರೆ, ಜರ್ಮನ್ ಭಾಷೆಯ ಐನ್‌ಪ್ರೆಸ್‌ಟೀಫೆ ಎಂಬ ಪದದ ಗಿಡ್ಡ ರೂಪ. ಇಟಿ ಹೆಚ್ಚಾದಷ್ಟೂ ಚಕ್ರ ಕಾರಿನ ಒಳಗೆ ಸರಿಯುತ್ತದೆ, ಕಡಿಮೆಯಾದಷ್ಟೂ ಹೊರಗೆ ಬರುತ್ತದೆ. ಸೊನ್ನೆಗಿಂತ ಕೆಳಗಿಳಿದರೆ ಬಟ್ಟಲಿನಂತೆ ಆಳವಾದ ರಿಮ್ಮು. ತಮ್ಮನ ಕಣ್ಣು ಮೊದಲಿನಿಂದಲೂ ಅಂಥವುಗಳ ಮೇಲೇ.

"ಅಣ್ಣಾ, ಇಟಿ ಸೊನ್ನೆದು ತಗೊಂಡಿದ್ರೆ ಈ ಗೋಳೇ ಇರ್ತಿರ್ಲಿಲ್ಲ," ಎಂದ, ಕಿರುಬೆರಳಿನ ಸುದ್ದಿ ಕೇಳಿ.

ನಾನು ತಂದಿದ್ದು 7 ಇಂಚು ಅಗಲದ, 15 ಇಂಚಿನ, ಇಟಿ 35ರ ರಿಮ್. ತರುವ ಮೊದಲು ಹಬ್ ಮುಖಕ್ಕೆ ನೇರಪಟ್ಟಿ ಹಿಡಿದು ಅಳೆದಿದ್ದೆ. ಬ್ರೇಕ್ ಡಿಸ್ಕ್ ಹಾಕಿಯೇ ಅಳೆದಿದ್ದೆ. ಚಕ್ರ ಅಂಟಿ ಕೂರುವುದು ಡಿಸ್ಕಿನ ಮೇಲೆ, ಅದಿಲ್ಲದೆ ಅಳೆದರೆ ಅದರ ದಪ್ಪದಷ್ಟು ಲೆಕ್ಕ ತಪ್ಪುತ್ತದೆ. ಆ ಮಟ್ಟಿಗೆ ಜಾಣ. ಸ್ಪ್ರಿಂಗಿನವರೆಗೆ 143 ಮಿ.ಮೀ. ಸಿಕ್ಕಿತ್ತು. 7 ಇಂಚು ಎಂದರೆ 177.8, ಅರ್ಧ 88.9, ಅದಕ್ಕೆ 35 ಕೂಡಿದರೆ ಹತ್ತಿರ ಹತ್ತಿರ 124. ಉಳಿದದ್ದು 19. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ತಪ್ಪು ಸಿಕ್ಕಿದ್ದು ತಮ್ಮನಿಗೆ. ಚಕ್ರ ಬಿಚ್ಚಿ ನೆಲಕ್ಕೆ ಮಲಗಿಸಿ, ಅಡ್ಡ ಅಳತೆ ಹಿಡಿದು, "ಇದೇನು ಏಳಿಂಚಾ? ಎಂಟಿದೆಯಲ್ಲ!" ಎಂದ. ಸುಮ್ಮನಿರು ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ರಿಮ್ಮಿನ ಅಗಲ ಹೇಳುವುದು ಟೈರಿನ ಅಂಚು ಕಚ್ಚಿಕೊಳ್ಳುವ ಎರಡು ಜಾಗಗಳ ನಡುವಿನ ದೂರವನ್ನು. ಅದರಾಚೆ ಎರಡೂ ಬದಿಯಲ್ಲಿ ಅರ್ಧರ್ಧ ಇಂಚಿನಷ್ಟು ತುಟಿ ಇರುತ್ತದೆ. ಒಳಬದಿಯ ತುಟಿಗೇ 12.7 ಮಿ.ಮೀ. ಹೋಯಿತು. ಸಾಲದ್ದಕ್ಕೆ ಟೈರಿನ ಹೊಟ್ಟೆ. ಪಕ್ಕದಲ್ಲಿ ಅಗಲ 195 ಎಂದಿದ್ದರೂ ಅಗಲವಾದ ರಿಮ್ಮಿನ ಮೇಲೆ ಟೈರು ಇನ್ನೂ ಹರಡಿಕೊಳ್ಳುತ್ತದೆ, ಅರ್ಧ ಇಂಚು ರಿಮ್ಮಿಗೆ ಸುಮಾರು 5 ಮಿ.ಮೀ.ನಂತೆ. ಎರಡು ಹಲಗೆಗಳ ನಡುವೆ ಟೈರನ್ನು ಅಪ್ಪಿಸಿ ಅಳೆದರೆ 210 ಬಂತು. ಅರ್ಧ 105, ಜೊತೆಗೆ 35, ಒಟ್ಟು 140. ನನ್ನ 19ರಲ್ಲಿ ಉಳಿದದ್ದು ಮೂರೇ ಮೂರು.

ಮೂರು ಮಿಲಿಮೀಟರ್ ಆದರೂ ತಾಗುತ್ತಿಲ್ಲವಲ್ಲ ಎಂಬ ಆಸೆ ಒಂದು ಗಳಿಗೆ ಬಂದದ್ದು ಸುಳ್ಳಲ್ಲ. ಸ್ಪ್ರಿಂಗ್ ಬಿಚ್ಚಿ, ಶಾಕ್ ಅಬ್ಸಾರ್ಬರಿನ ಮೇಲೆ ಸ್ಪ್ರಿಂಗಿನ ಸುತ್ತಳತೆಯ ರಟ್ಟು ಸುತ್ತಿ, ಚಕ್ರದ ಅಡಿಗೆ ಜಾಕ್ ಕೊಟ್ಟು ಎತ್ತಿದೆವು. ಚಕ್ರ ಮೇಲೇರಿದಂತೆ ಅದರ ನೆತ್ತಿ ಒಳಕ್ಕೆ ವಾಲುತ್ತದೆ. ತಿರುವಿನಲ್ಲಿ ಹೊರಚಕ್ರ ನೆಟ್ಟಗೆ ಊರಲಿ ಎಂದು ನಾವೇ ಹಾಗೆ ಮಾಡಿದ್ದು. ತುದಿ ಮುಟ್ಟುವ ಮೊದಲೇ ಟೈರು ರಟ್ಟನ್ನು ಒತ್ತಿ ಸುಕ್ಕಾಗಿಸಿತು. ಆಸೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಎಷ್ಟು ಹೊರಗೆ ತರಬೇಕು? ಹಿಂದಿನ ಫೈಬರ್ ಮಡ್‌ಗಾರ್ಡಿನ ಅಂಚು ಹಬ್ ಮುಖದಿಂದ 95 ಮಿ.ಮೀ. ಆಚೆಗಿದೆ. ಟೈರಿನ ಹೊರಮೈ ಈಗ ಇರುವುದು 70ರಲ್ಲಿ. ಹತ್ತು ಮಿ.ಮೀ. ಸರಿಸಿದರೆ ಒಳಗೆ 13, ಹೊರಗೆ 15. ತಮ್ಮನ ಸೊನ್ನೆ ಆಫ್‌ಸೆಟ್ ಆಗಿದ್ದರೆ ಟೈರು ಮಡ್‌ಗಾರ್ಡಿನಾಚೆ ಹತ್ತು ಮಿ.ಮೀ. ಇಣುಕುತ್ತಿತ್ತು. ಅದನ್ನು ಹೇಳಿದ್ದಕ್ಕೆ, "ಮುಂದಕ್ಕೆ ಹಾಕೋಣ ಬಿಡು, ಅಲ್ಲಿ ಮಡ್‌ಗಾರ್ಡ್ ಚಕ್ರದ ಜೊತೆಗೇ ತಿರುಗುತ್ತೆ" ಎಂದ.

ಜಾಗದ ಮಟ್ಟಿಗೆ ಅವನ ಮಾತು ಸರಿಯೇ. ಆದರೆ ಮುಂದಿನ ಚಕ್ರಕ್ಕೆ ಇನ್ನೊಂದು ಹಂಗಿದೆ. ವಿಶ್‌ಬೋನುಗಳ ತುದಿಯಲ್ಲಿ ಚಕ್ರ ತಿರುಗಲು ಬಿಡುವ ಗುಂಡು ಕೀಲುಗಳಿವೆ; ಮೇಲಿನ ಬಾಲ್ ಜಾಯಿಂಟಿನಿಂದ ಕೆಳಗಿನದಕ್ಕೆ ಗೆರೆ ಎಳೆದು ನೆಲದವರೆಗೆ ಬೆಳೆಸಿದರೆ, ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಸುತ್ತುವ ಬಿಂದು ಸಿಗುತ್ತದೆ. ಟೈರು ನೆಲ ಮುಟ್ಟುವ ಜಾಗದ ನಡುವಿಗೂ ಆ ಬಿಂದುವಿಗೂ ಇರುವ ದೂರ ಸ್ಕ್ರಬ್ ರೇಡಿಯಸ್. ಚಕ್ರ ಹೊರಗೆ ಬಂದಷ್ಟೂ ಅದು ಬೆಳೆಯುತ್ತದೆ. 35ರಿಂದ ಸೊನ್ನೆಗೆ ಬಂದರೆ ನೇರ 35 ಮಿ.ಮೀ. ಸೇರಿತು. ಉದ್ದ ಹಿಡಿಯ ಸ್ಪ್ಯಾನರಿನಂತೆ, ಒಂದು ಚಕ್ರ ಗುಂಡಿಗೆ ಬಿದ್ದರೆ ಹೊಡೆತ ಅಷ್ಟು ಬಲವಾಗಿ ಕೈಗೆ ಬರುತ್ತದೆ. ಒಂದು ಬದಿಯ ಬ್ರೇಕು ಹೆಚ್ಚು ಹಿಡಿದರೆ ಕಾರು ಆ ಕಡೆಗೆ ಎಳೆಯುತ್ತದೆ. ಹಬ್ ಬೇರಿಂಗಿನ ಮೇಲಿನ ಭಾರವೂ ಪಕ್ಕಕ್ಕೆ ಸರಿಯುತ್ತದೆ. ಹಬ್ ಕೊಟ್ಟ ಕಾರಿನ 15 ಇಂಚಿನ ಚಕ್ರದ್ದು ಇಟಿ 40. ಅದಕ್ಕೆ ಐದೇ ಮಿಲಿಮೀಟರ್ ದೂರದ ನಮ್ಮ 35ನ್ನು ಮುಂದೆ ಮುಟ್ಟುವುದೇ ಬೇಡ ಎಂದು ತೀರ್ಮಾನಿಸಿದೆ. ಹಿಂದಕ್ಕೆ ಮಾತ್ರ ಸ್ಪೇಸರ್, ಅಂದರೆ ಹಬ್‌ಗೂ ರಿಮ್ಮಿಗೂ ನಡುವೆ ತೂರಿಸುವ ಬಿಲ್ಲೆ.

ಸ್ಪೇಸರ್ ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ನಾನೂ ಅವರಲ್ಲೊಬ್ಬನಾಗಿದ್ದೆ. ಈಗ ಅನ್ನಿಸುವುದು, ಕೇಡು ಇರುವುದು ಬಿಲ್ಲೆಯಲ್ಲಲ್ಲ, ಹಬ್‌ನಿಂದ ಚಾಚಿ ನಟ್ಟು ಹಿಡಿಯುವ ಸ್ಟಡ್ಡಿನಲ್ಲಿ. ನಮ್ಮ ಸ್ಟಡ್ಡು 12 ಮಿ.ಮೀ. ದಪ್ಪ, ಥ್ರೆಡ್ಡಿನ ಅಂತರ 1.5. ನಟ್ಟು ಹನ್ನೊಂದು ಸುತ್ತು ಹಿಡಿಯುತ್ತಿತ್ತು. ಹತ್ತು ಮಿ.ಮೀ. ಬಿಲ್ಲೆ ತೂರಿಸಿದ ಮೇಲೆ ಎಣಿಸಿದರೆ ನಾಲ್ಕೇ ಸುತ್ತು. ಸ್ಟಡ್ಡಿನ ದಪ್ಪದಷ್ಟಾದರೂ ಥ್ರೆಡ್ಡು ಕಚ್ಚಬೇಕು, ಅಂದರೆ ಎಂಟು ಸುತ್ತು. ಆದ್ದರಿಂದ ಹಳೆಯ ಸ್ಟಡ್ಡುಗಳನ್ನು ಒತ್ತಿ ತೆಗೆದು ಉದ್ದನೆಯವನ್ನು ಕೂರಿಸಿದೆವು. ಬಿಲ್ಲೆಯೂ ಬರೀ ತಟ್ಟೆಯಲ್ಲ. ಒಳಗೆ ಹಬ್ ಮೇಲೆ ಬಿಗಿಯಾಗಿ ಕೂತು, ಹೊರಗೆ ರಿಮ್ಮಿಗೂ ಅದೇ 54.1ರ ಉಬ್ಬು ಕೊಡುವಂಥದ್ದು. ಈ ಕೆಲಸ ಆ ಭಾನುವಾರಕ್ಕೆ ಮುಗಿಯಲಿಲ್ಲ, ಮೂರು ವಾರ ಹಿಡಿಯಿತು.

ಮತ್ತೆ ಜಾಕ್ ಕೊಟ್ಟು ಎತ್ತಿದಾಗ, ಪೂರ್ತಿ ಮೇಲೇರಿದ ಮೇಲೂ ಸ್ಪ್ರಿಂಗಿನ ಪಕ್ಕ 9 ಮಿ.ಮೀ. ಉಳಿಯಿತು. ಮುಂದೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಕೆಳಗಿನ ವಿಶ್‌ಬೋನಿಗೆ ತಾಗುತ್ತಿತ್ತು. ಚಕ್ರ ಅಷ್ಟು ದೂರ ತಿರುಗದಂತೆ, ಅದನ್ನು ಅತ್ತಿತ್ತ ತಳ್ಳುವ ಸ್ಟಿಯರಿಂಗ್ ರ್ಯಾಕಿನ ಎರಡೂ ತುದಿಗೆ 5 ಮಿ.ಮೀ. ಬಳೆ ಹಾಕಿದೆವು, ತಿರುಗುವ ಜಾಗ ತುಸು ಹೆಚ್ಚು ಬೇಕಾಯಿತು ಅಷ್ಟೇ.

ಮೊದಲ ಓಟಕ್ಕೆ ಮುನ್ನ ಸ್ಪ್ರಿಂಗು, ವಿಶ್‌ಬೋನು, ಹಿಂದಿನ ಮಡ್‌ಗಾರ್ಡಿನ ಒಳಅಂಚು, ಎಲ್ಲಕ್ಕೂ ಸೀಮೆಸುಣ್ಣ ಬಳಿದೆವು. ತಿರುಗಿ ಬಂದು ಮಂಡಿಯೂರಿ ನೋಡಿದರೆ ಬಳಿದದ್ದೆಲ್ಲ ಬಳಿದ ಹಾಗೇ ಇತ್ತು. ಮುಂದಿನ ಬಲ ಮಡ್‌ಗಾರ್ಡನ್ನು ಹಿಡಿದ ಕಂಬಿ ಮಾತ್ರ ಟೈರಿಗೆ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ನಾವು ಅಳೆದೇ ಇರಲಿಲ್ಲ.